ಸ್ಲಾಟ್ ಯಂತ್ರದ ‘ಜಾಮರ್’ ನಿಜವಾಗಿ ಏನು ಮಾಡಬಲ್ಲದು?

ಬೀಜದಂಗಡಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯಲ್ಲಿ ಬಿತ್ತನೆ ಬೀಜ ಮತ್ತು ಗೊಬ್ಬರದ ಅಂಗಡಿ ನಡೆಸುತ್ತಿರುವವನು. ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ನನಗೆ ಏನೂ ತಿಳಿಯದು. ನನ್ನ ಅಕ್ಕನ ಮಗ, ಇಪ್ಪತ್ತಮೂರು ವರ್ಷದವನು, ಟೆಲಿಗ್ರಾಂನ ಒಂದು ಗುಂಪಿನಲ್ಲಿ ಜಾಹೀರಾತು ನೋಡಿ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ‘ಜಾಮರ್’ ಎಂಬ ಒಂದು ಉಪಕರಣವನ್ನು ತರಿಸಿಕೊಂಡಿದ್ದಾನೆ. ಅದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮೇಲೆ ಒಂದು ಗುಂಡಿ, ಒತ್ತಿದರೆ ಕೆಂಪು ದೀಪ ಉರಿಯುತ್ತದೆ. ಹಣ ಹಾಕಿದರೆ ಚಿಹ್ನೆಗಳ ಚಕ್ರ ತಿರುಗಿಸಿ, ಅವು ಸಾಲಾಗಿ ಬಂದರೆ ಹಣ ಕೊಡುವ ಜೂಜಿನ ಸ್ಲಾಟ್ ಯಂತ್ರದ ಪಕ್ಕದಲ್ಲಿ ನಿಂತು ಗುಂಡಿ ಒತ್ತಿದರೆ ಒಳಗಿನ ಲೆಕ್ಕ ತಪ್ಪಿ ಯಂತ್ರ ಹಣ ಸುರಿಸುತ್ತದೆ ಎಂದು ಮಾರಿದವರು ನಂಬಿಸಿದ್ದಾರೆ. ಆ ಹದಿನೆಂಟು ಸಾವಿರ ಅಕ್ಕ ಎರಡು ಸೀಮೆ ಹಸುಗಳ ಹಾಲನ್ನು ಡೈರಿಗೆ ಹಾಕಿ ಕೂಡಿಟ್ಟ ಹಣ, ಅವಳಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಹುಡುಗ ಇಬ್ಬರು ಗೆಳೆಯರೊಂದಿಗೆ ಮುಂದಿನ ವಾರ ಗೋವಾದ ಕ್ಯಾಸಿನೊಗೆ ಹೋಗಲು ಟಿಕೆಟ್ ತೆಗೆದಿದ್ದಾನೆ. ನಾನು ಬೈದರೆ ಅವನು ಕೇಳುವ ಸ್ಥಿತಿಯಲ್ಲಿಲ್ಲ. ಈ ವಸ್ತು ಕೆಲಸ ಮಾಡುತ್ತದೆಯೇ, ಮಾಡುವುದಿಲ್ಲವಾದರೆ ಯಾಕೆ ಮಾಡುವುದಿಲ್ಲ ಎಂಬುದನ್ನು ತಿಳಿದವರು ವಿವರವಾಗಿ ಬರೆದರೆ ಅವನ ಮುಂದೆ ಕೂತು ಓದಿ ಹೇಳುತ್ತೇನೆ.

ನಂದಿಸೀಮೆಯ ನಿವೃತ್ತ, ಚಿಕ್ಕಬಳ್ಳಾಪುರ

ಸ್ವಾಮಿ, ನಾನು ಮೂವತ್ತು ವರ್ಷ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಇದೇ ಕೆಲಸ ಮಾಡಿದವನು. ಒಂದು ಎಲೆಕ್ಟ್ರಾನಿಕ್ ಉಪಕರಣ ಪಕ್ಕದ್ದಕ್ಕೆ ಎಷ್ಟು ಉಪದ್ರವ ಕೊಡುತ್ತದೆ, ಪಕ್ಕದ್ದು ಕೊಡುವ ಉಪದ್ರವವನ್ನು ತಾನೆಷ್ಟು ತಾಳಿಕೊಳ್ಳುತ್ತದೆ ಎಂದು ಅಳೆಯುವುದು ನನ್ನ ಉದ್ಯೋಗವಾಗಿತ್ತು. ಹುಡುಗನಿಗೆ ಮೊದಲು ಒಂದು ಮಾತು ಹೇಳಿ: ಈ ಕಲ್ಪನೆ ಬುಡದಿಂದಲೇ ಸುಳ್ಳಲ್ಲ, ಆದ್ದರಿಂದಲೇ ಬುದ್ಧಿವಂತರೂ ಮೋಸಹೋಗುತ್ತಾರೆ.

ಒಂದು ತಂತಿಯಲ್ಲಿ ವಿದ್ಯುತ್ ಪ್ರವಾಹ ಥಟ್ಟನೆ ಏರಿಳಿದರೆ ಪಕ್ಕದ ತಂತಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾನೆ. ಎಲೆಕ್ಟ್ರಾನಿಕ್ ಜೂಜುಯಂತ್ರಗಳು ಬಂದ ಹೊಸತರಲ್ಲಿ, ನಾಣ್ಯ ಬಿದ್ದುದನ್ನು ತಿಳಿಸುವ ಸ್ವಿಚ್ಚಿನಿಂದ ಒಳಗಿನ ಬೋರ್ಡಿಗೆ ಹೋಗುವ ತಂತಿಗಳಿಗೆ ಸರಿಯಾದ ರಕ್ಷಾಕವಚ ಇಲ್ಲದಿದ್ದಾಗ, ಒಂದು ಕಿಡಿಯನ್ನು ಯಂತ್ರ ನಾಣ್ಯವೆಂದು ಎಣಿಸಿಬಿಡುವ ಸಂಭವ ಇತ್ತು. ಚಳಿಗಾಲದ ಒಣಹವೆಯಲ್ಲಿ ನಾವು ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಪಟ ಎನ್ನುತ್ತದಲ್ಲ, ಆ ಕಿಡಿಯೂ ಹಲವು ಸಾವಿರ ವೋಲ್ಟಿನದು. ಜೂಜಿಗೆ ಹೆಸರಾದ ಅಮೆರಿಕದ ಲಾಸ್ ವೇಗಾಸ್ ಮರುಭೂಮಿಯ ಊರು, ಜೂಜುಕೋಣೆಗಳಲ್ಲಿ ನೆಲದ ತುಂಬ ಕಾರ್ಪೆಟ್. ನಡೆದು ಬಂದವನ ಬೆರಳ ತುದಿಯಿಂದಲೇ ಕಿಡಿ ಹಾರುವಾಗ ಯಂತ್ರ ತಯಾರಿಸುವವರು ಆ ದಾರಿಯನ್ನು ಮುಚ್ಚದೆ ಇರುವಂತಿರಲಿಲ್ಲ.

ಹೇಗೆ ಮುಚ್ಚಿದರೆಂದರೆ, ಸಾಮಾನ್ಯ ಉಪಕರಣಗಳಿಗೆ ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ನಾಲ್ಕನೆಯ ಹಂತದಲ್ಲಿ ಗಾಳಿಯ ಮೂಲಕ 15 ಕಿಲೋವೋಲ್ಟ್, ನೇರ ಸ್ಪರ್ಶದಿಂದ 8 ಕಿಲೋವೋಲ್ಟ್ ಕಿಡಿ ಹಾರಿಸಿ ಪರೀಕ್ಷಿಸುತ್ತಾರೆ. ಜೂಜುಯಂತ್ರಗಳಿಗೆ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಜಿಎಲ್‌ಐ-11 ಎಂಬ ಮಾನದಂಡ ಗಾಳಿಯ ಕಿಡಿಗೆ 27 ಕಿಲೋವೋಲ್ಟಿನವರೆಗೆ ಹೋಗುತ್ತದೆ. ಅಷ್ಟು ಪೆಟ್ಟು ಬಿದ್ದ ಮೇಲೆ ಯಂತ್ರ ಒಂದು ಕ್ಷಣ ತಡವರಿಸಬಹುದು, ಆದರೆ ಲೆಕ್ಕ ಕಳೆದುಕೊಳ್ಳದೆ ಮತ್ತೆ ತನ್ನ ಸ್ಥಿತಿಗೆ ಬರಬೇಕು. ರೇಡಿಯೊ ಅಲೆಗಳಿಗೂ ವಿದ್ಯುತ್ ಸರಬರಾಜಿನ ಏರಿಳಿತಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಇದಕ್ಕೆದುರಾಗಿ ನಿಮ್ಮ ಹುಡುಗನ ಕೈಯಲ್ಲಿರುವುದು ಬಹುಶಃ ರಿಮೋಟಿಗೆ ಹಾಕುವಂಥ ಒಂದು ಪುಟ್ಟ ಸೆಲ್. ಅದರೊಳಗೆ ತಂತಿಯ ಸುರುಳಿ ಇದ್ದರೂ, ಅಂಥ ಸಣ್ಣ ಸುರುಳಿಯ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬಲ ಎಂಟನೆಯ ಒಂದು ಪಾಲಿಗಿಳಿಯುತ್ತದೆ, ಮೂರರಷ್ಟಾದರೆ ಇಪ್ಪತ್ತೇಳನೆಯ ಒಂದು ಪಾಲಿಗೆ. ನಡುವೆ ಭೂಸಂಪರ್ಕ ಮಾಡಿದ ಲೋಹದ ಪೆಟ್ಟಿಗೆ ಬೇರೆ ಇರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಭಾರೀ ಶಕ್ತಿಯ ಉಪಕರಣ ತಂದು ಯಂತ್ರವನ್ನು ಕೆಡಿಸಿದರೂ ಕೆಟ್ಟ ಯಂತ್ರ ಗೆಲ್ಲಿಸುವುದಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಲೆಕ್ಕದ ಪುಸ್ತಕದ ಮೇಲೆ ಮಸಿ ಚೆಲ್ಲಿದರೆ ಅಂಕಿಗಳು ಅಳಿಸಿಹೋಗಬಹುದು. ಚೆಲ್ಲಿದ ಮಸಿ ತಾನಾಗಿ ನಮ್ಮ ಹೆಸರನ್ನು ಬರೆದು ಅದರ ಮುಂದೆ ಲಕ್ಷ ರೂಪಾಯಿ ಜಮೆ ತೋರಿಸುವುದಿಲ್ಲ. ಯಂತ್ರದ ನೆನಪಿನಲ್ಲಿರುವ ಪ್ರತಿ ಲೆಕ್ಕಕ್ಕೂ ತಾಳೆ ನೋಡುವ ಸಂಖ್ಯೆಯೊಂದು ಇರುತ್ತದೆ, ಅದು ಹೊಂದದಿದ್ದರೆ ಯಂತ್ರ ಆಟ ನಿಲ್ಲಿಸಿ ಸಿಬ್ಬಂದಿಯನ್ನು ಕರೆಯುತ್ತದೆ. ಅಮೆರಿಕದ ಸ್ಲಾಟ್ ಯಂತ್ರಗಳ ಮೇಲೆ, ಯಂತ್ರ ತಪ್ಪಿ ನಡೆದರೆ ಆಟವೂ ಪಾವತಿಯೂ ರದ್ದು ಎಂಬ ಸೂಚನೆಯನ್ನೇ ಅಂಟಿಸಿರುತ್ತಾರೆ.

ಗೌರಿಬಿದನೂರು ಹುಡುಗ

ಹಿರಿಯರ ಮಾತಿಗೆ ಎದುರಾಡುತ್ತಿಲ್ಲ ಸರ್, ಆದರೆ ಅಂಥ ಉಪಕರಣ ಹಿಡಿದು ಯಂತ್ರದ ಹಣ ಏರಿಸುವ ವೀಡಿಯೊಗಳನ್ನು ನಾನೇ ಹತ್ತಾರು ನೋಡಿದ್ದೇನೆ. ಗುಂಡಿ ಒತ್ತಿದ ಕ್ಷಣವೇ ಪರದೆಯ ಮೇಲಿನ ಅಂಕಿ ಏರುತ್ತದೆ, ಎಲ್ಲಿಯೂ ಕತ್ತರಿಸಿ ಜೋಡಿಸಿದಂತೆ ಕಾಣುವುದಿಲ್ಲ. ಅಲ್ಲದೆ ವಿದೇಶದಲ್ಲಿ ಸ್ಲಾಟ್ ಯಂತ್ರಗಳಿಗೆ ಮೋಸ ಮಾಡಿ ಕೋಟಿ ಕೋಟಿ ಗಳಿಸಿದವರು ಇದ್ದಾರೆಂಬುದು ಸುಳ್ಳೇ?

ಪಾಠದಮನೆ, ತುಮಕೂರು

ಸುಳ್ಳಲ್ಲ, ತಮ್ಮಾ. ನಾನು ಡಿಪ್ಲೊಮಾ ಮಕ್ಕಳಿಗೆ ಮೈಕ್ರೊಕಂಟ್ರೋಲರ್ ಪಾಠ ಹೇಳುವವಳು. ತರಗತಿಯಲ್ಲಿ ಈ ಪ್ರಕರಣಗಳನ್ನು ಉದಾಹರಣೆಯಾಗಿ ಬಳಸುತ್ತೇನೆ. ಗೆದ್ದವರು ಹೇಗೆ ಗೆದ್ದರು ಎಂಬುದನ್ನು ಒಂದೊಂದಾಗಿ ನೋಡಿದರೆ ನಿಮ್ಮ ಪ್ರಶ್ನೆಗೆ ಅಲ್ಲಿಯೇ ಉತ್ತರ ಇದೆ.

ಟಾಮಿ ಗ್ಲೆನ್ ಕಾರ್ಮೈಕಲ್ ಎಂಬಾತ ಅಮೆರಿಕದ ಟಲ್ಸಾ ನಗರದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. ಗೆದ್ದ ನಾಣ್ಯಗಳನ್ನು ಹೊರಹಾಕುವಾಗ ಯಂತ್ರ ಅವನ್ನು ಒಂದು ಬೆಳಕಿನ ಸಂವೇದಕದಿಂದ ಎಣಿಸುತ್ತಿತ್ತು. 1990ರ ದಶಕದಲ್ಲಿ ಅವನು ಆ ಸಂವೇದಕದ ಕಣ್ಣು ಕೋರೈಸುವ ಸಣ್ಣ ದೀಪವೊಂದನ್ನು ಮಾಡಿಕೊಂಡ. ಎಣಿಕೆ ತಪ್ಪಿದ ಯಂತ್ರ, ಐದು ನಾಣ್ಯ ಕೊಡಬೇಕಾದಲ್ಲಿ ಕೊಡುತ್ತಲೇ ಹೋಗುತ್ತಿತ್ತು. ಗಮನಿಸಿ, ಆತ ಆಟವನ್ನು ಗೆಲ್ಲಿಸಲಿಲ್ಲ, ಕೊಡುವ ಕೈಯ ಲೆಕ್ಕವನ್ನು ಮಾತ್ರ ತಪ್ಪಿಸಿದ. ಅದಕ್ಕೂ ಉಪಕರಣವನ್ನು ಯಂತ್ರದ ಒಳಗೇ ತೂರಿಸಬೇಕಿತ್ತು. ಸಂವೇದಕಗಳು ಬದಲಾದವು, ನಾಣ್ಯದ ಬದಲು ಚೀಟಿ ಮುದ್ರಿಸಿ ಕೊಡುವ ಪದ್ಧತಿ ಬಂತು, ಆತನೂ ಜೈಲು ಕಂಡ. ಇಂದಿನ ಯಂತ್ರದಲ್ಲಿ ಸುರಿಯಲು ನಾಣ್ಯವೇ ಇಲ್ಲದಿರುವಾಗ ‘ಹಣ ಸುರಿಯುತ್ತದೆ’ ಎಂಬ ಜಾಹೀರಾತು ಮೂವತ್ತು ವರ್ಷ ಹಳೆಯ ಕಥೆಯನ್ನು ಮಾರುತ್ತಿದೆ.

ಎರಡನೆಯದು ರಷ್ಯಾದವರದು. 2009ರ ಜುಲೈಯಲ್ಲಿ ಆ ದೇಶ ನಿಗದಿತ ವಲಯಗಳನ್ನು ಬಿಟ್ಟು ಉಳಿದೆಡೆ ಜೂಜನ್ನು ನಿಲ್ಲಿಸಿತು, ಸಾವಿರಾರು ಯಂತ್ರಗಳು ಮಾರಾಟಕ್ಕೆ ಬಂದವು. ಯಂತ್ರವನ್ನು ಮನೆಗೆ ತಂದು ಬಿಚ್ಚಿ ಅದರ ಪ್ರೋಗ್ರಾಂ ಓದುವ ಅವಕಾಶ ಹೀಗೆ ಸಿಕ್ಕಿತು. ಯಂತ್ರದ ಆಯ್ಕೆಗಳು ನಮಗೆ ಯಾದೃಚ್ಛಿಕವೆಂದು ಕಂಡರೂ ಅವು ಒಂದು ಗಣಿತಸೂತ್ರದಿಂದ ಹುಟ್ಟುವ ಸಂಖ್ಯೆಗಳು. ಸೂತ್ರವೂ ಅದು ಈಗ ಯಾವ ಹಂತದಲ್ಲಿದೆ ಎಂಬುದೂ ಗೊತ್ತಾದರೆ ಮುಂದಿನದನ್ನು ಲೆಕ್ಕ ಹಾಕಬಹುದು. 2014ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ನಗರದ ಕ್ಯಾಸಿನೊ ಒಂದರ ಲೆಕ್ಕ ವಿಭಾಗ, ಕೆಲವು ಹಳೆಯ ಮಾದರಿಯ ಯಂತ್ರಗಳು ಪಡೆದುದಕ್ಕಿಂತ ಹೆಚ್ಚು ಕೊಟ್ಟಿರುವುದನ್ನು ಗುರುತಿಸಿತು. ಆಟಗಾರ ಪರದೆಯನ್ನು ಫೋನಿನಲ್ಲಿ ಚಿತ್ರಿಸಿ ಸೇಂಟ್ ಪೀಟರ್ಸ್‌ಬರ್ಗಿಗೆ ಕಳಿಸುತ್ತಿದ್ದ, ಅಲ್ಲಿ ಲೆಕ್ಕ ಹಾಕಿ ಗುಂಡಿ ಒತ್ತಬೇಕಾದ ಕ್ಷಣವನ್ನು ಅವನ ಫೋನಿಗೆ ತಿಳಿಸುತ್ತಿದ್ದರು. ಅವರು ಯಂತ್ರಕ್ಕೆ ಯಾವ ಅಲೆಯನ್ನೂ ಬಿಡಲಿಲ್ಲ, ಯಂತ್ರವನ್ನು ಕೆಡಿಸಲೂ ಇಲ್ಲ. ಅಂಥ ಗಣಿತ ಬಲ್ಲವರು ಅದನ್ನು ಹದಿನೆಂಟು ಸಾವಿರಕ್ಕೆ ಟೆಲಿಗ್ರಾಂನಲ್ಲಿ ಮಾರುವುದಿಲ್ಲ. ಸಿಕ್ಕಿಬಿದ್ದವರು ಅಮೆರಿಕದ ಜೈಲಿಗೂ ಹೋದರು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಬಗೆ. ರೊನಾಲ್ಡ್ ಡೇಲ್ ಹ್ಯಾರಿಸ್ ನೆವಾಡ ರಾಜ್ಯದ ಜೂಜು ನಿಯಂತ್ರಣ ಮಂಡಳಿಯಲ್ಲಿ ಯಂತ್ರಗಳ ಪ್ರೋಗ್ರಾಂ ಸಾಚಾ ಹೌದೇ ಎಂದು ಪರೀಕ್ಷಿಸುವ ಹುದ್ದೆಯಲ್ಲಿದ್ದವನು. ಪರೀಕ್ಷೆ ಮಾಡುವ ಉಪಕರಣದಿಂದಲೇ ತನ್ನ ಗುಪ್ತ ಸಾಲುಗಳನ್ನು ಯಂತ್ರಗಳಿಗೆ ಸೇರಿಸಿದ. ನಾಣ್ಯಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಹಾಕಿದರೆ ಯಂತ್ರ ಗೆಲ್ಲಿಸುತ್ತಿತ್ತು. 1995ರ ಜನವರಿಯಲ್ಲಿ ಅವನ ಜೊತೆಗಾರ ಅಟ್ಲಾಂಟಿಕ್ ಸಿಟಿಯಲ್ಲಿ ಕೀನೊ ಎಂಬ ಸಂಖ್ಯೆಯಾಟದಲ್ಲಿ ಒಂದು ಲಕ್ಷ ಡಾಲರ್ ಗೆದ್ದು ಸ್ವಲ್ಪವೂ ಹಿಗ್ಗದೆ ನಿಂತುದೇ ಅನುಮಾನಕ್ಕೆ ಕಾರಣವಾಯಿತು. ಎಡ್ಡಿ ಟಿಪ್ಟನ್ ಅಮೆರಿಕದ ಹಲವು ರಾಜ್ಯಗಳ ಲಾಟರಿ ಸಂಘದಲ್ಲಿ ಮಾಹಿತಿ ಸುರಕ್ಷತೆಯ ಮುಖ್ಯಸ್ಥನಾಗಿದ್ದವನು. ವರ್ಷದ ಮೂರು ದಿನಗಳಂದು ಬರುವ ಸಂಖ್ಯೆಗಳನ್ನು ತಾನು ಮೊದಲೇ ಊಹಿಸಬಹುದಾದಂತೆ ಪ್ರೋಗ್ರಾಂ ಬರೆದಿದ್ದ. 2010ರ ಡಿಸೆಂಬರ್ 29ರ ಡ್ರಾ ಅವನನ್ನು ಹಿಡಿದುಕೊಟ್ಟಿತು, 2017ರಲ್ಲಿ ಗರಿಷ್ಠ 25 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಬೀಗದ ಕೈ ಯಾರ ಹತ್ತಿರ ಇತ್ತೋ ಕನ್ನ ಹಾಕಿದವರು ಅವರೇ ಆಗಿದ್ದರು.

ತಕ್ಕಡಿ, ಕೋಲಾರ

ಟೀಚರಮ್ಮನವರ ಕೊನೆಯ ಮಾತಿಗೆ ನನ್ನ ಕಸುಬಿನಿಂದ ಸಾಕ್ಷಿ ಹೇಳುತ್ತೇನೆ. ನಾನು ಕೋಲಾರದ ಎಪಿಎಂಸಿಯ ಸುತ್ತಮುತ್ತ ಎಲೆಕ್ಟ್ರಾನಿಕ್ ತೂಕದ ಯಂತ್ರ ರಿಪೇರಿ ಮಾಡುವವನು. ಹದಿನೈದು ಕೆಜಿಯ ಟೊಮೆಟೊ ಬಾಕ್ಸ್ ಇಟ್ಟಾಗ ಪಕ್ಕದಲ್ಲಿ ಯಾರಾದರೂ ವೈರ್‌ಲೆಸ್ ಸೆಟ್ ಹಿಡಿದು ಮಾತಾಡಿದರೆ, ಕವಚ ಸರಿಯಿಲ್ಲದ ಹಳೆಯ ಯಂತ್ರದ ಕೊನೆಯ ಅಂಕಿ ನಡುಗುವುದನ್ನು ಕಂಡಿದ್ದೇನೆ. ಹೊರಗಿನ ಅಲೆ ಮಾಡಬಲ್ಲದ್ದು ಅಷ್ಟೇ. ಅದು ಹದಿನೈದನ್ನು ಹದಿನಾಲ್ಕು ಮಾಡಿ ಅಲ್ಲಿಯೇ ನಿಲ್ಲಿಸಿದ್ದನ್ನು ನಾನು ಕಾಣೆ.

ಆದರೆ ರಿಮೋಟ್ ಗುಂಡಿ ಒತ್ತಿದರೆ ತೂಕ ಇಳಿಯುವ ಯಂತ್ರಗಳೂ ಇವೆ. ಒಮ್ಮೆ ರಿಪೇರಿಗೆ ಬಂದ ಒಂದನ್ನು ಬಿಚ್ಚಿದಾಗ, ತೂಕವನ್ನು ಅಳೆಯುವ ಲೋಡ್ ಸೆಲ್‌ನಿಂದ ಬರುವ ತಂತಿಯ ನಡುವೆ ಬೆರಳಗಲದ ಒಂದು ರಿಸೀವರ್ ಬೋರ್ಡ್ ಬೆಸುಗೆ ಹಾಕಿ ಕೂರಿಸಿದ್ದರು. ಮುಟ್ಟುವುದಿಲ್ಲ ಎಂದು ಯಂತ್ರವನ್ನು ವಾಪಸ್ ಕಳಿಸಿದೆ. ಗೌರಿಬಿದನೂರಿನ ತಮ್ಮ ನೋಡಿದ ವೀಡಿಯೊಗಳಲ್ಲಿರುವುದು ಇದೇ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ವೀಡಿಯೊ ಕತ್ತರಿಸುವ ಅಗತ್ಯವೇ ಇಲ್ಲ. ಯಂತ್ರ ಅವರದೇ, ಒಳಗೆ ರಿಸೀವರ್ ಅವರೇ ಇಟ್ಟಿರುತ್ತಾರೆ, ಹೊರಗಿನ ಗುಂಡಿ ಅದಕ್ಕೆ ಜೋಡಿಯಾದ ರಿಮೋಟ್. ಬೇರೆಯವರ ಯಂತ್ರದ ಮುಂದೆ ಅದು ಬರೀ ಗುಂಡಿ.

ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನ ಶಾಸ್ತ್ರ ಕಾಯ್ದೆ ಇದೆ. ಹನ್ನೆರಡು ತಿಂಗಳಿಗೊಮ್ಮೆ ಇಲಾಖೆಯ ಮುಂದೆ ಪರೀಕ್ಷೆಯಾಗಬೇಕು, ತಿದ್ದುವ ಜಾಗಕ್ಕೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತಬೇಕು. ಮುದ್ರೆ ಒಡೆದಿದ್ದರೆ ಓದು ಬಾರದ ರೈತನೂ ಬೆರಳಿಟ್ಟು ತೋರಿಸಿ ಜಗಳ ತೆಗೆಯಬಹುದು. ಹಿಂದಿನ ಕೋಣೆಯಲ್ಲಿ ಪರದೆ ಎಳೆದು ಇಟ್ಟಿರುವ ಜೂಜಿನ ಯಂತ್ರಕ್ಕೆ ಯಾರ ಮುದ್ರೆ ಇದೆ, ಅದನ್ನು ನೋಡಿದವರು ಯಾರು?

ಕಲ್ಪತರು ನಾಡು, ತಿಪಟೂರು

ನಾನು ಇಲ್ಲಿ ಓದುವುದೇ ಹೆಚ್ಚು, ಬರೆದವಳಲ್ಲ. ನನ್ನ ಅಣ್ಣ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಬಹಳ ವರ್ಷಗಳ ಹಿಂದೆ, ವೀಡಿಯೊ ಗೇಮ್ ಎಂದು ಹೊರಗೆ ಬೋರ್ಡ್ ಹಾಕಿದ್ದ ಒಂದು ಕಡೆ ಹಣ ಕಟ್ಟಿ ಆಡುವ ಯಂತ್ರಗಳಿದ್ದವು. ಮೊದಲ ವಾರ ಅಣ್ಣ ಗೆದ್ದು ಮನೆಗೆ ಮೈಸೂರುಪಾಕು ತಂದ. ಆಮೇಲೆ ಗೆಲ್ಲಲಿಲ್ಲ. ಮೂರು ಏಳು ಸಾಲಾಗಿ ಬರುವುದರಲ್ಲಿ ಪ್ರತಿ ಸಲ ಒಂದೇ ಒಂದು ತಪ್ಪಿಹೋಗುತ್ತದೆ, ಇನ್ನೇನು ಬಂತು ಎನ್ನುತ್ತಿದ್ದ. ಒಂದು ಎಕರೆ ತೋಟ ಹೋಯಿತು. ಯಂತ್ರವನ್ನು ಅವರೇ ತಿರುಚಿದ್ದರೇ ಎಂದು ಅಮ್ಮ ಸಾಯುವವರೆಗೂ ಕೇಳುತ್ತಿದ್ದಳು. ತಿಳಿದವರು ಹೇಳಬಹುದೇ?

ನಂದಿಸೀಮೆಯ ನಿವೃತ್ತ, ಚಿಕ್ಕಬಳ್ಳಾಪುರ

ತಂಗೀ, ಆ ಯಂತ್ರವನ್ನು ನಾನು ನೋಡಿಲ್ಲದ ಕಾರಣ ಅದರ ಬಗ್ಗೆ ತೀರ್ಪು ಕೊಡಲಾರೆ. ಆದರೆ ನಿಮ್ಮ ತಾಯಿಯವರ ಅನುಮಾನ ಅಸಂಬದ್ಧವಾದದ್ದೇನೂ ಅಲ್ಲ. 1980ರ ದಶಕದ ಕೊನೆಯಲ್ಲಿ ಲಾಸ್ ವೇಗಾಸ್‌ನಲ್ಲಿ, ಪರವಾನಗಿ ಪಡೆದು ಅಂಗಡಿ ಮತ್ತು ಬಾರುಗಳಲ್ಲಿ ವೀಡಿಯೊ ಪೋಕರ್ ಯಂತ್ರ ಇಡುತ್ತಿದ್ದ ಅಮೆರಿಕನ್ ಕಾಯಿನ್ ಎಂಬ ಕಂಪನಿ, ಅತಿ ದೊಡ್ಡ ಬಹುಮಾನದ ಇಸ್ಪೀಟ್ ಎಲೆಗಳು ಆಟಗಾರನಿಗೆ ಬಾರದಂತೆ ಪ್ರೋಗ್ರಾಂ ತಿದ್ದಿಸಿದ್ದು ಬಯಲಾಗಿ ಪರವಾನಗಿ ಕಳೆದುಕೊಂಡಿತು. ತಪಾಸಣೆ ಅಷ್ಟು ಬಿಗಿಯಾಗಿರುವ ಊರಿನಲ್ಲಿ ಹೀಗಾಗಿರುವಾಗ, ತಪಾಸಣೆಯೇ ಇಲ್ಲದ ಕೋಣೆಯ ವಿಷಯ ಬೇರೆ ಹೇಳಬೇಕಿಲ್ಲ.

ಒಂದೇ ಒಂದು ತಪ್ಪಿಹೋಗುತ್ತಿತ್ತು ಎಂದಿರಲ್ಲ, ಅದಕ್ಕೆ ಯಾರೂ ಕಳ್ಳತನದಿಂದ ತಿರುಚಬೇಕಾಗಿಲ್ಲ. ಇಂಗ ಟೆಲ್ನೆಸ್ ಎಂಬ ಎಂಜಿನಿಯರ್‌ಗೆ 1984ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಕಣ್ಣಿಗೆ ಕಾಣುವ ಚಕ್ರದಲ್ಲಿ ಇಪ್ಪತ್ತೆರಡು ನಿಲುಗಡೆಗಳಿದ್ದರೆ, ಯಂತ್ರದ ಲೆಕ್ಕದೊಳಗಿನ ಚಕ್ರದಲ್ಲಿ ಅರವತ್ತನಾಲ್ಕೋ ಅದಕ್ಕಿಂತ ಹೆಚ್ಚೋ ಇರುವಂತೆ ಮಾಡಬಹುದು. ಗೆಲ್ಲುವ ಚಿಹ್ನೆಗೆ ಒಂದೇ ಸ್ಥಾನ ಕೊಟ್ಟು, ಅದರ ಮೇಲೂ ಕೆಳಗೂ ಇರುವ ಖಾಲಿ ಜಾಗಕ್ಕೆ ಹಲವು ಸ್ಥಾನ ಕೊಟ್ಟರೆ, ಏಳು ಎಂಬುದು ಗೆರೆಯ ಪಕ್ಕದಲ್ಲೇ ಮತ್ತೆ ಮತ್ತೆ ನಿಂತಂತೆ ಕಾಣುತ್ತದೆ. ಇದು ಹಲವು ಕಡೆ ಕಾನೂನುಬದ್ಧ. ಅಣ್ಣ ಕಂಡ ‘ಇನ್ನೇನು ಬಂತು’ ಎಂಬುದು ಚಕ್ರದ ಮೇಲಿತ್ತು, ಲೆಕ್ಕದೊಳಗೆ ಅದು ಹತ್ತಿರವೇ ಇರಲಿಲ್ಲ. ಅವರು ಮೋಸಹೋದುದು ದಡ್ಡತನದಿಂದಲ್ಲ ಎಂದು ನೀವು ತಿಳಿದುಕೊಳ್ಳಬೇಕು.

ವಕಾಲತ್ತು, ತುಮಕೂರು

ತಿಪಟೂರಿನ ಸಹೋದರಿಯವರ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೇ ಬಂದಿತ್ತು, ಅದೂ ನಮ್ಮ ರಾಜ್ಯದಿಂದ. 1995ರ ಎಂ.ಜೆ. ಶಿವಾನಿ ಪ್ರಕರಣದಲ್ಲಿ ವೀಡಿಯೊ ಗೇಮ್ ಕೇಂದ್ರಗಳವರು ತಮ್ಮದು ಕೌಶಲದ ಆಟ, ಪರವಾನಗಿ ಬೇಕಿಲ್ಲ ಎಂದು ವಾದಿಸಿದ್ದರು. ನ್ಯಾಯಾಲಯ ಒಪ್ಪಲಿಲ್ಲ, ಯಂತ್ರವನ್ನು ತಿದ್ದಿ ಗೆಲುವಿನ ಸಾಧ್ಯತೆಯನ್ನು ಕುಗ್ಗಿಸುವ ಅಧಿಕಾರ ಮಾಲೀಕನ ಕೈಯಲ್ಲಿರುವುದನ್ನೂ ಅದು ಗಮನಕ್ಕೆ ತೆಗೆದುಕೊಂಡಿತು.

ಇನ್ನು ಚಿಂತಾಮಣಿಯವರ ಹುಡುಗನ ವಿಷಯ. ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಇಂಥ ಯಂತ್ರಗಳಿಗೆ ಅವಕಾಶ ಕೊಟ್ಟರು, ಆಮೇಲೆ ಹಡಗುಗಳಿಗೂ ವಿಸ್ತರಿಸಿದರು. ಅಲ್ಲಿ ಆಡುವುದು ಅಪರಾಧವಲ್ಲ, ಆದರೆ ಯಂತ್ರವನ್ನು ವಂಚಿಸುವ ಉದ್ದೇಶದಿಂದ ಉಪಕರಣ ಒಯ್ಯುವುದು ಬೇರೆಯೇ ಮಾತು. ಉಪಕರಣ ಕೆಲಸ ಮಾಡದಿದ್ದರೂ ವಂಚನೆಯ ಪ್ರಯತ್ನದ ಆರೋಪ ಎದುರಿಸಬೇಕಾದೀತು; ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕೈಯಾಡಿಸಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಿವೆ. ಮೊಬೈಲ್, ರೇಡಿಯೊ ಸಂಕೇತಗಳನ್ನು ತಡೆಯುವ ನಿಜವಾದ ಜಾಮರ್ ಆಗಿದ್ದರಂತೂ ಖಾಸಗಿ ವ್ಯಕ್ತಿ ಅದನ್ನು ಕೊಳ್ಳುವುದೂ ಬಳಸುವುದೂ ತಪ್ಪು ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕ್ಯಾಸಿನೊದವರೇ ದೋಚುವವರು, ಅವರಿಗೆ ಮೋಸ ಮಾಡಿದರೆ ತಪ್ಪೇನು ಎಂದು ಹುಡುಗ ಕೇಳಬಹುದು. ಅವನನ್ನು ಈಗಾಗಲೇ ದೋಚಿದವನು ಕ್ಯಾಸಿನೊದವನಲ್ಲ, ಟೆಲಿಗ್ರಾಂನವನು. ಕಾನೂನುಬಾಹಿರ ಉದ್ದೇಶದ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಮಿನಂತೆ ಅನೂರ್ಜಿತವಾದ್ದರಿಂದ ಹಣ ವಾಪಸಿಗೆ ಸಿವಿಲ್ ದಾವೆ ಹೂಡಿ ಗೆಲ್ಲುವುದು ಕಷ್ಟ. ಆದರೆ ಮಾರಿದವನ ಮೇಲೆ ವಂಚನೆಯ ದೂರು ಕೊಡಬಹುದು. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಇದ್ದದ್ದನ್ನು ಇದ್ದಂತೆ ಹೇಳಿಸಿ.

ಬೀಜದಂಗಡಿ, ಚಿಂತಾಮಣಿ

ಎಲ್ಲರಿಗೂ ಕೈಮುಗಿಯುತ್ತೇನೆ. ಹುಡುಗನನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿದೆ. ವೀಡಿಯೊ ಕುರಿತು ಕೋಲಾರದ ಅಣ್ಣನವರು ಬರೆದುದನ್ನು ಅವನೇ ಎರಡು ಸಲ ಓದಿಕೊಂಡ. ಭಾನುವಾರ ಇಬ್ಬರೂ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಅವರ ಅಂಗಡಿಯಲ್ಲಿ ಉಪಕರಣವನ್ನು ಬಿಚ್ಚಿಸಿದೆವು. ಒಳಗೆ ಹನ್ನೆರಡು ವೋಲ್ಟಿನ ಸಣ್ಣ ಸೆಲ್, ಗೇಟು ತೆರೆಯುವ ರಿಮೋಟಿನಂಥ ಒಂದು ಬೋರ್ಡ್, ಕೆಂಪು ದೀಪ, ಮತ್ತು ಅಂಟು ಹಾಕಿ ಕೂರಿಸಿದ ತಾಮ್ರದ ಸುರುಳಿ. ಸುರುಳಿಯ ಎರಡು ತುದಿಗಳೂ ಯಾವುದಕ್ಕೂ ಬೆಸೆದಿರಲಿಲ್ಲ. ತಕ್ಕಡಿಯ ಮೇಲೆ ಒಂದು ಕೆಜಿ ಬೊಟ್ಟು ಇಟ್ಟು, ಉಪಕರಣವನ್ನು ಪಕ್ಕದಲ್ಲೇ ಹಿಡಿದು ಹುಡುಗನೇ ಗುಂಡಿ ಒತ್ತಿದ. ಅಂಕಿ ಒಂದು ಗ್ರಾಮೂ ಕದಲಲಿಲ್ಲ. ಇನ್ನೂ ಎರಡು ಸಲ ಒತ್ತಿ ನೋಡಿ ಕೆಳಗಿಟ್ಟ.

ಗೋವಾದ ಟಿಕೆಟ್ ರದ್ದಾಗಿದೆ. 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇವೆ. ಹಣ ಹೋದ ಖಾತೆಯ ವಿವರ ಕೇಳಿದ್ದಾರೆ. ಅಕ್ಕನಿಗೆ ತಾನೇ ಹೇಳುತ್ತೇನೆ ಎಂದಿದ್ದಾನೆ, ನಾನು ಒಪ್ಪಿದ್ದೇನೆ. ಬಿಚ್ಚಿದ ಉಪಕರಣವನ್ನು ಏನು ಮಾಡಲಿ?

ವಕಾಲತ್ತು, ತುಮಕೂರು

ಎಸೆಯಬೇಡಿ. ಬೋರ್ಡ್, ಸುರುಳಿ, ಮೇಲಿನ ಡಬ್ಬಿ, ಕೊರಿಯರ್ ಚೀಟಿ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಬಿಚ್ಚಿದ ದಿನಾಂಕ ಬರೆದು, ಬಿಚ್ಚಿದವರ ಮತ್ತು ನಿಮ್ಮ ಸಹಿ ಹಾಕಿಡಿ. ಟೆಲಿಗ್ರಾಂನ ಸಂಭಾಷಣೆಯನ್ನು ಹುಡುಗ ನಾಚಿಕೆಯಿಂದ ಅಳಿಸಿಹಾಕದಂತೆ ನೋಡಿಕೊಳ್ಳಿ. ಪೊಲೀಸರಿಗೆ ಮೊದಲು ಬೇಕಾಗುವುದು ಅದೇ.